ವರದಿ ಯಾರದು?

"ಆಪಾ, ಈ ನಲವತ್ತು ಅಂದ್ರೆ ಬದುಕೋದು ನೂರಕ್ಕೆ ನಲವತ್ತು ಅಂತಾನಾ?"

2021ರ ಕೊನೆಯ ಒಂದು ಸಂಜೆ ನಮ್ಮ ಮನೆಯ ಜಗಲಿಯ ಮೇಲೆ ಕುಳಿತು ಹೀಗೆ ಕೇಳಿದವನು ಹಿಂದಿನ ಬೀದಿಯ ಹುಡುಗ. ಅತ್ತಿಬೆಲೆಯಲ್ಲಿ ಹೆದ್ದಾರಿಯ ಬದಿಗೆ ಲಾರಿಗಳ ಪಂಕ್ಚರ್ ಹಾಕುವ ಅಂಗಡಿ ಅವನದು. ಕೈಯಲ್ಲಿದ್ದ ಲ್ಯಾಬ್ ವರದಿಯ ಅಂಚಿಗೆ ಗ್ರೀಸಿನ ಬೆರಳಚ್ಚು ಹತ್ತಿತ್ತು. ವರದಿ ಅವನ ಅಕ್ಕನದು. ಆಕೆಗೆ ಆಗ ಮೂವತ್ತೆಂಟು ವರ್ಷ. ಗಂಡ ತೀರಿಕೊಂಡ ಮೇಲೆ ಗಾರ್ಮೆಂಟ್ಸಿಗೆ ಹೋಗಿ ಹೊಲಿಗೆ ಯಂತ್ರದ ಮುಂದೆ ಕುಳಿತು ಮಗಳನ್ನು ಓದಿಸುತ್ತಿದ್ದ ಹೆಣ್ಣುಮಗಳು. ಹೆಸರು ಇಲ್ಲಿ ಬೇಡ, ಆಸ್ಪತ್ರೆಯ ಹೆಸರೂ ಬೇಡ.

ಊರಿನಲ್ಲಿ ನಾಲ್ಕು ಕಥೆ ಬರೆದವರಿಗೆ ಎಲ್ಲವೂ ಓದಲು ಬರುತ್ತದೆಂದು ಜನ ನಂಬುತ್ತಾರೆ. ಉರ್ದು ಶಾಲೆಯಲ್ಲಿ ಅಕ್ಷರ ಕಲಿತು ಕನ್ನಡ ಶಾಲೆಯಲ್ಲಿ ಓದು ಮುಗಿಸಿದ ನಮಗೆ ಆ ಇಂಗ್ಲಿಷ್ ವರದಿಯಲ್ಲಿ ಅರ್ಥವಾದದ್ದು ರೋಗಿಯ ಹೆಸರು, ವಯಸ್ಸು ಮತ್ತು ಕ್ಯಾನ್ಸರ್ ಎಂಬ ಪದ ಮಾತ್ರ. ಮೂರು ಕಡೆ 'ನೆಗೆಟಿವ್' ಎಂದಿತ್ತು. ನೆಗೆಟಿವ್ ಎಂದರೆ ಒಳ್ಳೆಯದಲ್ಲವೇ ಎಂದು ಅವನು ಕೇಳಿದ. ಕೊರೊನಾ ಪರೀಕ್ಷೆಗಳ ಕಾಲ ಅದು. ನೆಗೆಟಿವ್ ಎಂದರೆ ಬಚಾವಾದೆವು ಎಂದೇ ನಾವೆಲ್ಲ ಅರ್ಥ ಮಾಡಿಕೊಂಡಿದ್ದ ಕಾಲ. ಕೆಳಗೆ ಇನ್ನೊಂದು ಸಾಲಿನಲ್ಲಿ 'ಟಿಐಎಲ್ - ಶೇ. 40' ಎಂದಿತ್ತು. ಅದನ್ನೇ ಅವನು ಅಕ್ಕನ ಆಯುಷ್ಯವೆಂದು ಓದಿಕೊಂಡಿದ್ದ.

ಆ ರಾತ್ರಿ ನಮಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಕಲಿತೆವು. ವೈದ್ಯಮಿತ್ರರನ್ನು ಪೀಡಿಸಿ, ಓದಿಸಿಕೊಂಡು, ಬರೆದುಕೊಂಡು ಕಲಿತೆವು. ಕಲಿತಷ್ಟನ್ನು ಓದುಗರ ಮುಂದಿಡುತ್ತಿರುವುದು ವೈದ್ಯಕೀಯ ಪಾಠ ಹೇಳಲು ಅಲ್ಲ. ಆ ವರದಿಯ ಹಿಂದೆ ಹೋಗುತ್ತಾ ನಾವೇ ಮಾಡಿದ ಒಂದು ತಪ್ಪಿನ ಲೆಕ್ಕ ಒಪ್ಪಿಸಬೇಕಿದೆ. ಆ ತಪ್ಪು ಅರ್ಥವಾಗಬೇಕಾದರೆ ಮೊದಲು ಆ ಅಂಕೆ ಅರ್ಥವಾಗಬೇಕು.

ಸ್ತನದ ಗಡ್ಡೆಯನ್ನು ಪರೀಕ್ಷೆಗೆ ಕಳಿಸಿದಾಗ ಮೂರು ಪ್ರೋಟೀನುಗಳನ್ನು ಮುಖ್ಯವಾಗಿ ಹುಡುಕುತ್ತಾರೆ. ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟರಾನ್ ಹಾರ್ಮೋನುಗಳನ್ನು ಹಿಡಿದುಕೊಳ್ಳುವ ಎರಡು ಗ್ರಾಹಕಗಳು, ಹರ್-2 ಎಂಬ ಇನ್ನೊಂದು. ಇವು ಗಡ್ಡೆಯಲ್ಲಿದ್ದರೆ ಗಡ್ಡೆಗೆ ಜುಟ್ಟು ಇದ್ದ ಹಾಗೆ, ಹಿಡಿದು ಎಳೆಯಬಹುದು. ಹಾರ್ಮೋನ್ ಗ್ರಾಹಕವಿದ್ದರೆ ಟ್ಯಾಮೋಕ್ಸಿಫೆನ್‌ನಂಥ ಅಗ್ಗದ ಮಾತ್ರೆ ಇದೆ. ಹರ್-2 ಇದ್ದರೆ ಟ್ರಾಸ್ಟುಜುಮ್ಯಾಬ್ ಇದೆ. ಆ ಮದ್ದಿನ ತನ್ನದೇ ರೂಪವನ್ನು ನಮ್ಮ ಬೊಮ್ಮಸಂದ್ರದ ಬಯೋಕಾನ್ 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು. 2017ರ ಡಿಸೆಂಬರಿನಲ್ಲಿ ಅದಕ್ಕೆ ಅಮೆರಿಕದ ಅನುಮತಿಯೂ ಸಿಕ್ಕಿತು. ಮೂರೂ ಇಲ್ಲದ ಗಡ್ಡೆಗೆ 'ಟ್ರಿಪಲ್ ನೆಗೆಟಿವ್' ಎನ್ನುತ್ತಾರೆ. ಹಿಡಿಯಲು ಜುಟ್ಟಿಲ್ಲ, ವೇಗವಾಗಿ ಬೆಳೆಯುತ್ತದೆ, ಮರುಕಳಿಸಿದರೆ ಬಹುತೇಕ ಮೊದಲ ಮೂರು ವರ್ಷಗಳಲ್ಲೇ ಮರುಕಳಿಸುತ್ತದೆ. ಪಶ್ಚಿಮದ ದೇಶಗಳಲ್ಲಿ ಸ್ತನ ಕ್ಯಾನ್ಸರಿನ ನೂರು ಹೆಂಗಸರಲ್ಲಿ ಹನ್ನೆರಡರಿಂದ ಹದಿನೈದು ಮಂದಿಗೆ ಈ ಬಗೆಯದು ಬಂದರೆ, ನಮ್ಮ ದೇಶದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಇಲ್ಲಿ ಮೂವತ್ತರ ಆಸುಪಾಸು ಎನ್ನುತ್ತಾರೆ. 2022ರ ಜಾಗತಿಕ ಅಂದಾಜಿನ ಪ್ರಕಾರ ಭಾರತದಲ್ಲಿ ಆ ಒಂದು ವರ್ಷದಲ್ಲಿ ಸುಮಾರು 1,92,000 ಮಂದಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಬಂತು, ಸುಮಾರು 98,000 ಮಂದಿ ತೀರಿಕೊಂಡರು. ನಮ್ಮಲ್ಲಿ ಈ ಕಾಯಿಲೆ ಪಶ್ಚಿಮಕ್ಕಿಂತ ಹತ್ತು ವರ್ಷ ಮೊದಲೇ ಬಾಗಿಲು ತಟ್ಟುತ್ತದೆ. ಮೂವತ್ತೆಂಟು ಎಂದರೆ ಮಗಳು ಎಂಟನೆಯ ತರಗತಿಯಲ್ಲಿರುವ ವಯಸ್ಸು.

ಇನ್ನು ಆ ನಲವತ್ತು. ಗಡ್ಡೆ ಬೆಳೆದಲ್ಲಿ ಶರೀರದ ಕಾವಲು ಜೀವಕೋಶಗಳು, ಲಿಂಫೋಸೈಟ್ ಎಂಬವು, ಒಳನುಗ್ಗುತ್ತವೆ. ಸೂಕ್ಷ್ಮದರ್ಶಕದಲ್ಲಿ ಅವು ಸಾಸಿವೆ ಚೆಲ್ಲಿದ ಹಾಗೆ ಸಣ್ಣ ಕಡುನೀಲಿ ಚುಕ್ಕೆಗಳಾಗಿ ಕಾಣುತ್ತವಂತೆ. ಕ್ಯಾನ್ಸರ್ ಕೋಶಗಳ ನಡುವಿನ ಜಾಗದಲ್ಲಿ ಎಷ್ಟು ಪಾಲನ್ನು ಈ ಚುಕ್ಕೆಗಳು ತುಂಬಿವೆ ಎಂದು ಪರೀಕ್ಷಕರು ಕಣ್ಣಿನಿಂದಲೇ ಅಳೆದು ಬರೆಯುತ್ತಾರೆ. ಅದೇ ಟಿಐಎಲ್. ನೂರಕ್ಕೆ ನಲವತ್ತು ಪಾಲು ಜಾಗದಲ್ಲಿ ಶರೀರದ ಸಿಪಾಯಿಗಳು ಬಂದು ನಿಂತಿದ್ದಾರೆ ಎಂದಷ್ಟೇ ಅರ್ಥ. ಹುಡುಗ ಮರಣಶಾಸನವೆಂದು ಓದಿಕೊಂಡದ್ದು ನಿಜಕ್ಕೂ ಆ ವರದಿಯಲ್ಲಿದ್ದ ಒಂದೇ ಒಂದು ಸಮಾಧಾನದ ಸಾಲು.

ಏಕೆಂದರೆ ಈ ಸಿಪಾಯಿಗಳ ಸಂಖ್ಯೆಗೂ ರೋಗಿಯ ಗತಿಗೂ ನಂಟಿದೆ. ಒಂಬತ್ತು ಅಧ್ಯಯನಗಳ 2,148 ಹೆಂಗಸರ ಮಾಹಿತಿಯನ್ನು ಕೂಡಿಸಿ 2019ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಈ ಅಂಕೆ ಹತ್ತು ಹತ್ತು ಏರಿದಂತೆ ರೋಗ ಮರುಕಳಿಸುವ ಅಪಾಯ ಪ್ರತಿ ಮೆಟ್ಟಿಲಿಗೂ ಶೇ. 13ರಷ್ಟು ಇಳಿಯುತ್ತದೆ. 2024ರಲ್ಲಿ ಬಂದ ಇನ್ನೊಂದು ಅಧ್ಯಯನ, ಕೀಮೋ ಇಲ್ಲದೆ ಬರೀ ಶಸ್ತ್ರಚಿಕಿತ್ಸೆ ಮತ್ತು ವಿಕಿರಣ ಪಡೆದ 1,966 ಹೆಂಗಸರದು. ಮೊದಲ ಹಂತದ ರೋಗವಿದ್ದವರಲ್ಲಿ, ಅಂಕೆ 50 ಮತ್ತು ಮೇಲಿದ್ದ ನೂರು ಮಂದಿಯಲ್ಲಿ 94 ಮಂದಿಗೆ ಐದು ವರ್ಷಗಳ ತನಕ ರೋಗ ದೂರದ ಅಂಗಗಳಿಗೆ ಹರಡಿರಲಿಲ್ಲ. 30ಕ್ಕಿಂತ ಕಡಿಮೆಯಿದ್ದವರಲ್ಲಿ ಆ ಸಂಖ್ಯೆ 78. ಹಾಗೆಂದು ಈ ಒಂದನ್ನೇ ನೋಡಿ ಸಾಮಾನ್ಯವಾಗಿ ವೈದ್ಯರು ಕೀಮೋ ಕೈಬಿಡುವುದಿಲ್ಲ. ಅಷ್ಟು ಧೈರ್ಯಕ್ಕೆ ಇನ್ನೂ ಪರೀಕ್ಷೆಗಳು ನಡೆಯಬೇಕು.

ನಾವು ಇದನ್ನು ಹೋಗಿ ಹೇಳಿದಾಗ ಆ ಮನೆಯ ಹಿರಿಯರೊಬ್ಬರು, ಹುಡುಗನ ಮಾಮು, ಒಪ್ಪಲಿಲ್ಲ. "ಯಾರು ಎಷ್ಟು ದಿನ ಅನ್ನೋದು ಗೈಬಿನ ಮಾತು. ಅದು ಅವನೊಬ್ಬನಿಗೇ ಗೊತ್ತು. ಡಾಕ್ಟರು ಶೇಕಡಾ ಹಾಕಿ ಹೇಳೋದು ದೊಡ್ಡ ಮಾತಾಯ್ತಲ್ಲಮ್ಮಾ" ಎಂದರು. ಹಳೆಯ ಕಾಲದವರ ಮಾತೆಂದು ಇದನ್ನು ತಳ್ಳಿಹಾಕುವವರಿದ್ದಾರೆ. ನಮಗೆ ಹಾಗನ್ನಿಸಲಿಲ್ಲ. ಮಾಮು ಹೇಳಿದ್ದರಲ್ಲಿ ಅರ್ಧ ಸರಿ. ಶೇಕಡಾ 94 ಎಂಬುದು ಯಾವ ಒಬ್ಬ ಹೆಂಗಸಿನ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ಒಬ್ಬಾಕೆ 94 ಪಾಲು ಬದುಕಿ 6 ಪಾಲು ಸಾಯುವುದಿಲ್ಲ. ಅದು ನೂರು ಜನರ ಜಾತ್ರೆಯ ಸುದ್ದಿ. ಆ ಜಾತ್ರೆಯಲ್ಲಿ ನಾವೆಲ್ಲಿ ನಿಂತಿದ್ದೇವೆಂದು ಹೇಳುವವರಿಲ್ಲ. ಗೈಬ್ ಗೈಬಾಗಿಯೇ ಉಳಿಯಿತು. ಆದರೆ ಜಾತ್ರೆಯ ಸುದ್ದಿಯೂ ಸುದ್ದಿಯೇ. ಮಳೆ ಬರುವುದು ಯಾರ ಕೈಯಲ್ಲೂ ಇಲ್ಲವೆಂದು ನಮ್ಮ ಆನೇಕಲ್ ಕಡೆಯ ರಾಗಿ ಬೆಳೆಗಾರ ಮೋಡ ನೋಡುವುದನ್ನು ಬಿಡುವುದಿಲ್ಲ. ಕಾಯಿಲೆ ಕೊಟ್ಟವನು ಮದ್ದನ್ನೂ ಕೊಟ್ಟಿದ್ದಾನೆಂದು ನಂಬುವವರು ಮದ್ದು ಎಲ್ಲಿದೆಯೆಂದು ಹುಡುಕುವ ಕೆಲಸವನ್ನು ಶರಣಾಗತಿಗೆ ವಿರುದ್ಧವೆಂದು ಎಣಿಸಬೇಕಿಲ್ಲ.

ಆಕೆ ಚಿಕಿತ್ಸೆ ಪಡೆದಳು. ಕೂದಲು ಹೋಯಿತು, ಉಗುರು ಕಪ್ಪಾಯಿತು. ಶಸ್ತ್ರಚಿಕಿತ್ಸೆ, ವಿಕಿರಣ ಎಲ್ಲ ಮುಗಿದು 2022ರ ಕೊನೆಗೆ ಮತ್ತೆ ಮೆಷಿನ್ನಿಗೆ ಕುಳಿತಳು. ಸಿಪಾಯಿಗಳು ಚೆನ್ನಾಗಿದ್ದಾರಂತೆ ಎಂದು ತಮ್ಮ ಎಲ್ಲರಿಗೂ ಹೇಳಿಕೊಂಡು ಬಂದ. 2024ರ ಬೇಸಿಗೆಯಲ್ಲಿ ಕೆಮ್ಮು ಶುರುವಾಯಿತು. ಸ್ಕ್ಯಾನಿನಲ್ಲಿ ಶ್ವಾಸಕೋಶದಲ್ಲಿ ಗಂಟುಗಳು ಕಂಡವು.

ನಲವತ್ತು ಸುಳ್ಳು ಹೇಳಿತೇ? ತಮ್ಮ ಹಾಗೆಂದೇ ಸಿಟ್ಟಾದ. ಅಂಕೆ ಸುಳ್ಳು ಹೇಳಿರಲಿಲ್ಲ. ಅದು ಆಕೆಯ ಬಗ್ಗೆ ಮಾತಾಡಿಯೇ ಇರಲಿಲ್ಲ. ನಾವು ಮಾತ್ರ ಸಮಾಧಾನ ಹೇಳುವ ಅವಸರದಲ್ಲಿ ಜಾತ್ರೆಯ ಸುದ್ದಿಯನ್ನು ಆಕೆಯ ಸುದ್ದಿಯಾಗಿ ಮಾಡಿಬಿಟ್ಟಿದ್ದೆವು. ಕಥೆಗಾರರ ಚಾಳಿ ಅದು, ಎಲ್ಲದಕ್ಕೂ ಒಬ್ಬ ನಾಯಕಿ ಬೇಕು.

ಈಗ ನಮ್ಮ ತಪ್ಪಿಗೆ ಬರೋಣ. ರೋಗ ಹರಡಿದ ಮೇಲೆ ಇನ್ನೊಂದು ಪ್ರೋಟೀನಿನ ಹೆಸರು ಬಂತು: ಪಿಡಿ-ಎಲ್1. ಇದರ ಕಥೆ ಸ್ವಾರಸ್ಯವಾದದ್ದು. ಕಾವಲು ಕೋಶಗಳ ಮೈಮೇಲೆ ಪಿಡಿ-1 ಎಂಬ ಒಂದು ಗುಂಡಿ ಇರುತ್ತದೆ. 1992ರಲ್ಲಿ ಜಪಾನಿನ ಕ್ಯೋಟೋದಲ್ಲಿ ತಾಸುಕು ಹೊಂಜೊ ಅವರ ತಂಡ ಇದನ್ನು ಕಂಡುಹಿಡಿಯಿತು. ಆ ಗುಂಡಿಯನ್ನು ಒತ್ತಿದರೆ ಕಾವಲುಗಾರ ಕೈಕಟ್ಟಿ ನಿಲ್ಲುತ್ತಾನೆ. ಶರೀರ ತನ್ನನ್ನೇ ತಾನು ಕಡಿದುಕೊಳ್ಳದಿರಲೆಂದು ಇಟ್ಟುಕೊಂಡ ಏರ್ಪಾಡು ಇದು. ಅದನ್ನು ಒತ್ತುವ ಬೆರಳೇ ಪಿಡಿ-ಎಲ್1. ಕ್ಯಾನ್ಸರ್ ಈ ಬೆರಳನ್ನು ತಾನೂ ಬೆಳೆಸಿಕೊಂಡು, ಬಂದ ಸಿಪಾಯಿಗಳನ್ನು ನಿಂತಲ್ಲೇ ನಿಲ್ಲಿಸುತ್ತದೆ. ಈ ಬೆರಳಿಗೂ ಗುಂಡಿಗೂ ನಡುವೆ ಅಡ್ಡ ನಿಲ್ಲುವ ಮದ್ದುಗಳು ಬಂದವು. ಈ ದಾರಿ ತೆರೆದದ್ದಕ್ಕೆ ಹೊಂಜೊ ಅವರಿಗೂ ಅಮೆರಿಕದ ಜೇಮ್ಸ್ ಆಲಿಸನ್ ಅವರಿಗೂ 2018ರ ನೊಬೆಲ್ ಬಂತು.

ಒಂದು ವಿಚಿತ್ರ ನೋಡಿ. ಬೆರಳು ಶತ್ರುವಿನದ್ದಾದರೂ, ಅದು ಹೆಚ್ಚು ಕಾಣುವುದು ಸಿಪಾಯಿಗಳು ಹೆಚ್ಚು ಬಂದ ಕಡೆಯಲ್ಲೇ. ಕಳ್ಳ ಬಾಗಿಲಿಗೆ ಅಗುಳಿ ಹಾಕಿದ್ದಾನೆಂದರೆ ಹೊರಗೆ ಯಾರೋ ಬಾಗಿಲು ಬಡಿಯುತ್ತಿದ್ದಾರೆಂದು ತಾನೇ ಅರ್ಥ? ಹಾಗಾಗಿ ಈ ಪ್ರೋಟೀನ್ ಇರುವುದು ಕೆಲವೊಮ್ಮೆ ಒಳ್ಳೆಯ ಸೂಚನೆ. ಆರಂಭದ ಹಂತದ ಟ್ರಿಪಲ್ ನೆಗೆಟಿವ್ ರೋಗಿಗಳ ಮೇಲೆ ಪೆಂಬ್ರೊಲಿಜುಮ್ಯಾಬ್ ಎಂಬ ಮದ್ದನ್ನು ಪರೀಕ್ಷಿಸಿದಾಗ, ಕೀಮೋ ಜೊತೆಗೆ ಅದನ್ನು ಪಡೆದವರಲ್ಲಿ ಐದು ವರ್ಷಗಳ ನಂತರ ಬದುಕಿದ್ದವರು ನೂರಕ್ಕೆ 86.6, ಬರೀ ಕೀಮೋ ಪಡೆದವರಲ್ಲಿ 81.7. ಪಿಡಿ-ಎಲ್1 ಇದ್ದವರ ಗಡ್ಡೆ ಎರಡೂ ಗುಂಪಿನಲ್ಲಿ ಚೆನ್ನಾಗಿ ಕರಗಿತು. ಆದರೆ ಮದ್ದಿನ ಲಾಭ ಅದು ಇದ್ದವರಿಗೂ ಸಿಕ್ಕಿತು, ಇಲ್ಲದವರಿಗೂ ಸಿಕ್ಕಿತು. ರೋಗ ಹರಡಿದವರಲ್ಲಿ ಕಥೆ ಬೇರೆ. ಅಲ್ಲಿ ಆ ಪ್ರೋಟೀನಿನ ಅಂಕೆ 10 ಮತ್ತು ಮೇಲಿದ್ದರೆ ಮಾತ್ರ ಮದ್ದು ಆಯುಷ್ಯವನ್ನು ಸ್ಪಷ್ಟವಾಗಿ ಹೆಚ್ಚಿಸಿತು: ಸರಿಮಧ್ಯದ ರೋಗಿಯ ಲೆಕ್ಕ ಹಿಡಿದರೆ 16.1 ತಿಂಗಳಿದ್ದದ್ದು 23 ತಿಂಗಳಾಯಿತು.

ಅಂದರೆ ಗುರುತುಗಳಲ್ಲಿ ಎರಡು ಬಗೆ. ಒಂದು 'ಏನಾಗಬಹುದು' ಎಂದು ಹೇಳುತ್ತದೆ, ಇನ್ನೊಂದು 'ಏನು ಮಾಡಬಹುದು' ಎಂದು. ಒಂದೇ ಪ್ರೋಟೀನ್ ಕಾಯಿಲೆಯ ಒಂದು ಹಂತದಲ್ಲಿ ಮೊದಲನೆಯದನ್ನೂ ಇನ್ನೊಂದು ಹಂತದಲ್ಲಿ ಎರಡನೆಯದನ್ನೂ ಹೇಳಬಲ್ಲದು. ಇದು ಬರೀ ಲ್ಯಾಬಿನ ವಿಷಯವಲ್ಲ. ಮಾಡಲು ಏನೂ ಇಲ್ಲದಾಗ ಏನಾಗಬಹುದೆಂದು ಹೇಳುವುದು ಸರಿಯೇ ಎಂಬುದು ಒಂದು ಪ್ರಶ್ನೆ. ಮಾಡಲು ಇದೆ, ಆದರೆ ಕೈಯಲ್ಲಿ ದುಡ್ಡಿಲ್ಲ ಎಂದಾಗ ಅದನ್ನು ಹೇಳುವುದು ಸರಿಯೇ ಎಂಬುದು ಇನ್ನೊಂದು, ಮೊದಲನೆಯದಕ್ಕಿಂತ ಕಠಿಣ ಪ್ರಶ್ನೆ. ನಮ್ಮ ಮುಂದೆ ಬಂದದ್ದು ಎರಡನೆಯದು.

ಆಸ್ಪತ್ರೆಯ ಕಾರಿಡಾರಿನಲ್ಲಿ ವೈದ್ಯರು ತಮ್ಮನನ್ನು ಪಕ್ಕಕ್ಕೆ ಕರೆದು ಹೇಳಿದರಂತೆ: ಹಳೆಯ ಗಡ್ಡೆಯ ತುಣುಕು ಮೇಣದಲ್ಲಿ ಇದೆ, ಪಿಡಿ-ಎಲ್1 ಪರೀಕ್ಷೆ ಮಾಡಿಸಬಹುದು, ಆದರೆ ಪಾಸಿಟಿವ್ ಬಂದರೆ ಆ ಮದ್ದು ಮೂರು ವಾರಕ್ಕೊಮ್ಮೆ ಲಕ್ಷಗಳಲ್ಲಿ ಆಗುತ್ತದೆ, ಕೊಳ್ಳುವ ಶಕ್ತಿ ಇಲ್ಲದಿದ್ದರೆ ಪರೀಕ್ಷೆ ಯಾಕೆ, ನೀವೇ ಯೋಚಿಸಿ. ವೈದ್ಯರು ಕೆಟ್ಟವರಲ್ಲ. ದಿನಕ್ಕೆ ನೂರು ಮಂದಿಯನ್ನು ನೋಡುವವರು, ಇಂಥ ಮನೆಗಳನ್ನು ಬಲ್ಲವರು. ಕೇಂದ್ರ ಸರ್ಕಾರ 2023ರ ಮಾರ್ಚಿನಲ್ಲಿ ಆ ಮದ್ದಿನ ಮೇಲಿನ ಆಮದು ಸುಂಕವನ್ನು ಪೂರ್ತಿ ತೆಗೆದಿತ್ತು. ಆದರೂ ಬೆಲೆ ಗಾರ್ಮೆಂಟ್ಸಿನ ಸಂಬಳಕ್ಕೆ ನಿಲುಕುವ ಮಾತಾಗಿರಲಿಲ್ಲ. ಬಿಪಿಎಲ್ ಕಾರ್ಡಿನ ಆರೋಗ್ಯ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ ಐದು ಲಕ್ಷದ ಮಿತಿ. ಮೂರು ವಾರಕ್ಕೊಂದರಂತೆ ವರ್ಷಕ್ಕೆ ಹದಿನೇಳು ಸಲ ಬೇಕಾಗುವ ಮದ್ದಿಗೆ ಆ ಐದು ಲಕ್ಷ ಎಲ್ಲಿಗೆ ಸಾಲುತ್ತದೆ?

ತಮ್ಮ ನಮ್ಮಲ್ಲಿಗೆ ಬಂದ. "ಆಪಾ, ಬೇಡ ಅಂದುಬಿಟ್ಟೆ. ಬಾಜಿಗೆ ಹೇಳೋದೂ ಬೇಡ. ಮದ್ದು ಇದೆ ನಿನಗೆ ಸಿಗಲ್ಲ ಅಂತ ಹೇಗೆ ಹೇಳೋದು? ಸರಿ ತಾನೆ?" ಎಂದ. ಸರಿ ಎಂದೆವು. ಆ ಹೊತ್ತಿಗೆ ನಮಗೆ ಅದು ಕರುಣೆ ಎಂದೇ ಅನ್ನಿಸಿತ್ತು.

ಮೌನದ ಪರವಾಗಿ ಹೇಳಬಹುದಾದದ್ದು ಕಡಿಮೆಯೇನಲ್ಲ. ಆ ಅಂಕೆಯೇ ಅಲುಗಾಡುವಂಥದ್ದು. ಅಟೆಜೊಲಿಜುಮ್ಯಾಬ್ ಎಂಬ ಇದೇ ಬಗೆಯ ಇನ್ನೊಂದು ಮದ್ದಿನ ಪರೀಕ್ಷೆಯಲ್ಲಿ ಅವೇ ಹೆಂಗಸರ ಗಡ್ಡೆಗಳನ್ನು ಬೇರೆ ಬೇರೆ ರಾಸಾಯನಿಕಗಳಿಂದ ಬಣ್ಣಹಾಕಿ ನೋಡಿದರು. ಒಂದು ವಿಧಾನದಲ್ಲಿ ನೂರಕ್ಕೆ 46 ಮಂದಿ ಪಾಸಿಟಿವ್, ಇನ್ನೊಂದರಲ್ಲಿ 81. ಅದೇ ಗಡ್ಡೆ! ಆ ಮದ್ದಿಗೆ 2019ರಲ್ಲಿ ಅಮೆರಿಕ ಅನುಮತಿ ಕೊಟ್ಟಿತು. ಮುಂದಿನ ಪರೀಕ್ಷೆಯಲ್ಲಿ ಲಾಭ ಕಾಣದೆ 2021ರಲ್ಲಿ ಕಂಪನಿಯೇ ಸ್ತನ ಕ್ಯಾನ್ಸರಿನ ಮಟ್ಟಿಗೆ ಅದನ್ನು ಹಿಂದಕ್ಕೆ ಪಡೆಯಿತು. ಎರಡು ವರ್ಷಕ್ಕೆ ಬದಲಾಗುವ ಸತ್ಯಕ್ಕಾಗಿ ಒಬ್ಬ ಹೆಂಗಸಿನ ನಿದ್ದೆ ಕೆಡಿಸಬೇಕೇ? ಇನ್ನೊಂದು, ನಮ್ಮ ಮನೆಗಳಲ್ಲಿ ತೀರ್ಮಾನಗಳು ಒಬ್ಬರವಲ್ಲ. ರೋಗಿಯೊಬ್ಬಳನ್ನೇ ಕುರ್ಚಿಯಲ್ಲಿ ಕೂರಿಸಿ ಎಲ್ಲ ಹೇಳಿ ಸಹಿ ಹಾಕಿಸಿಕೊಳ್ಳುವುದು ಪರದೇಶದ ರೂಢಿ. ಇಲ್ಲಿ ಭಾರವನ್ನು ಮನೆಯವರು ಹಂಚಿಕೊಳ್ಳುತ್ತಾರೆ. ಈ ಮಾತನ್ನು ನಾವು ಹಗುರವಾಗಿ ಕಾಣುವುದಿಲ್ಲ. ಹಂಚಿಕೊಂಡದ್ದರಿಂದಲೇ ಆಕೆಯ ಮೊದಲ ಕೀಮೋಗೆ ಬೀದಿಯೆಲ್ಲ ಚೀಟಿ ಎತ್ತಿ ಕೊಟ್ಟಿತ್ತು.

ಆದರೆ ಮೂರು ತಿಂಗಳ ಮೇಲೆ ಆಕೆಗೆ ಗೊತ್ತಾಯಿತು. ಹೇಳಿದವಳು ಮಗಳು. ಎಂಟನೆಯ ತರಗತಿಯಲ್ಲಿದ್ದ ಹುಡುಗಿ ಈಗ ಪಿಯುಸಿಯಲ್ಲಿ ವಿಜ್ಞಾನ ಓದುತ್ತಾಳೆ. ಫೈಲಿನ ಹಾಳೆಗಳನ್ನು ಜೋಡಿಸುತ್ತಿದ್ದಾಗ ವೈದ್ಯರ ಕೈಬರಹದ ಒಂದು ಸಾಲು ಅವಳ ಕಣ್ಣಿಗೆ ಬಿತ್ತು: ಪಿಡಿ-ಎಲ್1 ಪರೀಕ್ಷೆಯ ಬಗ್ಗೆ ತಿಳಿಸಲಾಗಿದೆ, ರೋಗಿಯ ಕಡೆಯವರು ಒಪ್ಪಿಲ್ಲ.

ಮರುದಿನ ಆಕೆ ನಮ್ಮ ಅಡುಗೆಮನೆಗೆ ಬಂದು ಕುಳಿತಳು. ಸಿಟ್ಟು ಮಾಡಲಿಲ್ಲ. ಚಹಾ ಕುಡಿದಳು. ಆಮೇಲೆ ಕೇಳಿದಳು: "ಕಡೆಯವರು ಅಂದ್ರೆ ಯಾರು ಆಪಾ?"

ನಮ್ಮಲ್ಲಿ ಉತ್ತರವಿರಲಿಲ್ಲ.

"ಚಂದಾಪುರದ ಹತ್ತಿರ ಇಪ್ಪತ್ತು ಮೂವತ್ತರ ಸೈಟಿದೆ. ನಾನು ಓವರ್‌ಟೈಮ್ ಮಾಡಿ ಕಂತು ಕಟ್ಟಿದ್ದು. ಮಗಳಿಗೆ ಅಂತ. ಅದನ್ನ ಮಾರ್ತಿದ್ನೋ ಇಲ್ವೋ ನನಗೂ ಗೊತ್ತಿಲ್ಲ. ಮಾರ್ತಾ ಇರಲಿಲ್ಲ ಅನ್ಸುತ್ತೆ. ಏಳು ತಿಂಗಳಿಗೆ ಮಗಳ ಸೈಟು ಯಾಕೆ ಮಾರಲಿ? ಆದ್ರೆ ಬೇಡ ಅಂತ ನಾನು ಹೇಳ್ಬೇಕಿತ್ತು. ನನ್ನ ಮಗಳಿಗೋಸ್ಕರ ನಾನು ಬಿಟ್ಟೆ ಅಂತ ಆಗ್ತಿತ್ತು. ಈಗ ಏನಾಯ್ತು? ಬಡವಳು ಅಂತ ಬಿಟ್ರು ಅಂತ ಆಯ್ತು."

ಈ ಮಾತು ಕೇಳಿದ ಮೇಲೆ ನಾವು ಅನೇಕ ದಿನ ಅದನ್ನೇ ತಿರುವಿ ತಿರುವಿ ನೋಡಿದೆವು. ಸಿಗದ ಮದ್ದಿನ ಸುದ್ದಿಯನ್ನು ಮುಚ್ಚಿಟ್ಟು ನೋವು ತಪ್ಪಿಸಿದೆವೆಂದು ನಾವು ಭಾವಿಸಿದ್ದೆವು. ತಪ್ಪಿಸಿದ್ದು ನೋವನ್ನಲ್ಲ, ತ್ಯಾಗವನ್ನು. ಒಂದೇ ಮದ್ದು, ಒಂದೇ 'ಇಲ್ಲ'. ಅದು ಆಕೆಯ ಬಾಯಿಂದ ಬಂದಿದ್ದರೆ ತಾಯಿಯೊಬ್ಬಳು ಮಗಳಿಗೆ ಬಿಟ್ಟುಹೋಗುವ ಆಸ್ತಿಯಾಗುತ್ತಿತ್ತು. ತಮ್ಮನ ಬಾಯಿಂದ, ನಮ್ಮ ಒಪ್ಪಿಗೆಯಿಂದ ಬಂದದ್ದರಿಂದ ಆಕೆಯ ಬಡತನದ ಬಗ್ಗೆ ಬೇರೆಯವರು ಕೊಟ್ಟ ತೀರ್ಪಾಯಿತು. ಮನೆಯವರೆಲ್ಲ ಸೇರಿ ತೀರ್ಮಾನಿಸುವುದು ನಮ್ಮ ರೂಢಿ ಎಂದೆವಲ್ಲ, ಆ 'ಎಲ್ಲ'ರಲ್ಲಿ ರೋಗಿ ಸೇರಿಲ್ಲವೇ? ಕಾರಿಡಾರಿನಲ್ಲಿ ಗಂಡಸರಿಬ್ಬರು ಆಡಿದ ಮಾತಿಗೂ ಜಗಲಿಯಲ್ಲಿ ನಾವು ತಲೆಯಾಡಿಸಿದ್ದಕ್ಕೂ ಕುಟುಂಬವೆಂಬ ಹೆಸರು ಕೊಡುವುದು ಕುಟುಂಬಕ್ಕೆ ಮಾಡುವ ಅವಮಾನ.

ಇನ್ನೊಂದು ವಿಷಯವೂ ಆಮೇಲೆ ತಿಳಿಯಿತು. 'ಸಿಗುವುದಿಲ್ಲ' ಎಂದು ನಾವು ನಿಶ್ಚಯಿಸಿದ್ದು ಒಂದೇ ಬಾಗಿಲು ನೋಡಿ. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯ ವೈದ್ಯರು ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿನಲ್ಲಿ ಇದೇ ಜಾತಿಯ ನಿವೊಲುಮ್ಯಾಬ್ ಮದ್ದನ್ನು ಬರೀ 20 ಮಿಲಿಗ್ರಾಂ ಪ್ರಮಾಣದಲ್ಲಿ ಮೂರು ವಾರಕ್ಕೊಮ್ಮೆ ಕೊಟ್ಟು ನೋಡಿದರು. ವಾಡಿಕೆಯ ಪ್ರಮಾಣ ಎರಡು ವಾರಕ್ಕೆ 240. ಇತರ ಮದ್ದುಗಳ ಜೊತೆಗೆ ಅದನ್ನು ಸೇರಿಸಿದಾಗ ಒಂದು ವರ್ಷದ ನಂತರ ಬದುಕಿದ್ದವರು ನೂರಕ್ಕೆ 16ರಿಂದ 43ಕ್ಕೆ ಏರಿದರು ಎಂದು 2022ರಲ್ಲಿ ಪ್ರಕಟಿಸಿದರು. ಟ್ರಿಪಲ್ ನೆಗೆಟಿವ್ ಸ್ತನ ಕ್ಯಾನ್ಸರಿನಲ್ಲೇ ದೆಹಲಿಯ ಏಮ್ಸ್ ವೈದ್ಯರು ಪೆಂಬ್ರೊಲಿಜುಮ್ಯಾಬನ್ನು ಮೂರು ವಾರಕ್ಕೆ 200 ಮಿಲಿಗ್ರಾಂ ಬದಲು ಆರು ವಾರಕ್ಕೆ 50 ಮಿಲಿಗ್ರಾಂ ಕೊಟ್ಟು ಪರೀಕ್ಷಿಸಿ, ಗಡ್ಡೆ ಪೂರ್ತಿ ಕರಗುವವರ ಪ್ರಮಾಣ ಹೆಚ್ಚಾಯಿತೆಂದು 2025ರಲ್ಲಿ ಮಂಡಿಸಿದರು. ಅದು ಆರಂಭದ ಹಂತದವರ ಪರೀಕ್ಷೆ, ಸಣ್ಣದು. ಹರಡಿದ ರೋಗಕ್ಕೆ ಹಾಗೇ ಅನ್ವಯಿಸುವಂತಿಲ್ಲ. ಆದರೂ ನೆನಪಿಡಬೇಕಾದ್ದು ಇಷ್ಟು: ಬಡವರಿಗೆ ನಿಲುಕುವುದಿಲ್ಲ ಎಂದು ಪರೀಕ್ಷೆಯನ್ನೇ ಬಿಟ್ಟವರು ಈ ಬಾಗಿಲುಗಳನ್ನು ತೆರೆಯಲಿಲ್ಲ. ಬಡವರಿಗೆ ಹೇಗೆ ನಿಲುಕಿಸುವುದು ಎಂದು ಕೇಳಿಕೊಂಡವರು ತೆರೆದರು.

ಆ ಮೇಣದ ತುಣುಕಿನ ಬಗ್ಗೆಯೂ ಒಂದು ಮಾತು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯನ್ನು ಮೇಣದಲ್ಲಿ ಹುದುಗಿಸಿ ಆಸ್ಪತ್ರೆಗಳು ವರ್ಷಗಟ್ಟಲೆ ಇಡುತ್ತವೆ. ಬೆಂಕಿಪೆಟ್ಟಿಗೆಗಿಂತ ಚಿಕ್ಕದು. ನಾವು ಮೇಲೆ ಹೇಳಿದ 2,148 ಮತ್ತು 1,966 ಎಂಬ ಅಂಕೆಗಳ ಹಿಂದೆ ಇರುವುದು ಅಷ್ಟೇ ಸಂಖ್ಯೆಯ ಹೆಂಗಸರ ಗಡ್ಡೆಗಳು. ಅವರಲ್ಲಿ ಎಷ್ಟೋ ಮಂದಿ ಈಗಿಲ್ಲ. ನಮ್ಮ ಬೆಂಗಳೂರಿನಲ್ಲೂ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯಂಥ ಕಡೆ ಇಲ್ಲಿನ ಹೆಂಗಸರ ತುಣುಕುಗಳ ಮೇಲೆ ವರ್ಷಗಳಿಂದ ಕೆಲಸ ನಡೆದಿದೆ. ನಮ್ಮ ಹೆಂಗಸರಿಗೆ ಇದು ಇಷ್ಟು ಬೇಗ, ಇಷ್ಟು ಹೆಚ್ಚಾಗಿ ಯಾಕೆ ಬರುತ್ತದೆಂದು ಯಾರಿಗಾದರೂ ತಿಳಿಯಬೇಕಾದರೆ ನಮ್ಮ ಹೆಂಗಸರ ತುಣುಕುಗಳನ್ನೇ ನೋಡಬೇಕು. ನಮ್ಮ ಮನೆಮಾತಿನಲ್ಲಿ ಇದಕ್ಕೊಂದು ಪದವಿದೆ, ಅಮಾನತ್. ಒಬ್ಬರು ನಂಬಿ ಇನ್ನೊಬ್ಬರ ಕೈಯಲ್ಲಿಟ್ಟದ್ದು. ಇಟ್ಟುಕೊಂಡವನು ಒಡೆಯನಲ್ಲ; ಕೇಳಿದಾಗ ಹಿಂದಿರುಗಿಸಬೇಕಾದವನು. ಗಡ್ಡೆಯನ್ನು ಹಿಂದಿರುಗಿಸಿ ಏನು ಮಾಡುವುದು? ಹಿಂದಿರುಗಿಸಬೇಕಾದದ್ದು ಅದರಿಂದ ತಿಳಿದದ್ದನ್ನು. ಸಂಶೋಧನೆಗೆ ಒಪ್ಪಿಗೆ ಪಡೆಯಲು ರೋಗಿಯ ಸಹಿ ಬೇಕೆಂದು ನಿಯಮಗಳು ಹೇಳುತ್ತವೆ. ಜಗತ್ತಿಗೆ ತಿಳಿಸಲು ಆಕೆಯ ಸಹಿ ಬೇಕು. ಆಕೆಗೇ ತಿಳಿಸದಿರಲು ಮಾತ್ರ ಕಡೆಯವರ ತಲೆಯಾಡಿಸುವಿಕೆ ಸಾಕು ಎಂದರೆ ಯಾವ ನ್ಯಾಯ?

ಹಾಗೆಂದು ಎಲ್ಲರಿಗೂ ಎಲ್ಲವನ್ನೂ ಹೇಳಿಬಿಡಬೇಕೆಂದು ನಾವು ವಾದಿಸುವುದಿಲ್ಲ. ಅಂಕೆಗಳನ್ನು ಕೇಳಲಿಚ್ಛಿಸದವರಿದ್ದಾರೆ. ನಮ್ಮ ತಾಯಿಯೇ ಹಾಗಿದ್ದರು. ಕಿದ್ವಾಯಿ ಆಸ್ಪತ್ರೆಯ ಮುಂದೆ ಬಸ್ಸು ಹಾದುಹೋಗುವಾಗ ಮುಖ ಆಚೆ ತಿರುಗಿಸುತ್ತಿದ್ದರು. 1973ರಿಂದ ಈ ನಾಡಿನ ಮೂಲೆಮೂಲೆಯ ರೋಗಿಗಳನ್ನು ಸಾಕಿದ ಆಸ್ಪತ್ರೆ ಅದು. ದೇಶದ ಆಹಾರ ಮಂತ್ರಿಯಾಗಿದ್ದ ರಫಿ ಅಹ್ಮದ್ ಕಿದ್ವಾಯಿಯವರ ಹೆಸರು ಹೊತ್ತದ್ದು. ಜನರ ಬಾಯಲ್ಲಿ ಆ ಹೆಸರೇ ಕಾಯಿಲೆಯ ಹೆಸರಾಗಿಬಿಟ್ಟಿದೆ. "ಅವರನ್ನ ಕಿದ್ವಾಯಿಗೆ ಹಾಕಿದಾರಂತೆ" ಎಂದರೆ ಮುಂದೆ ಯಾರೂ ಏನೂ ಕೇಳುವುದಿಲ್ಲ. ಕ್ಯಾನ್ಸರ್ ಎಂಬ ಪದವನ್ನು ಬಾಯಿಗೆ ತರದೆ ತೀರಿಕೊಂಡ ಅಜ್ಜಿಯರ ಮೌನದಲ್ಲೂ ಒಂದು ಘನತೆಯಿತ್ತು. ಆದರೆ ಆ ಮೌನವನ್ನು ಅವರೇ ಆರಿಸಿಕೊಂಡಿದ್ದರು. ಕೇಳಬೇಕಾದ ಮೊದಲ ಪ್ರಶ್ನೆ 'ಪರೀಕ್ಷೆ ಬೇಕೇ' ಎಂದಲ್ಲ, 'ನಿಮಗೆ ಎಷ್ಟು ತಿಳಿಯಬೇಕು' ಎಂದು. ಅದನ್ನು ಕೇಳಲು ಲಕ್ಷಗಳು ಬೇಕಿಲ್ಲ. ಎರಡು ನಿಮಿಷ ಬೇಕು, ಒಂದು ಕುರ್ಚಿ ಬೇಕು, ಅರ್ಥವಾಗುವ ಭಾಷೆ ಬೇಕು. ಉರ್ದುವೋ ಕನ್ನಡವೋ ತಮಿಳೋ, ಈ ಗಡಿಯ ಊರಿನಲ್ಲಿ ಮೂರೂ ಬೇಕು.

ಆಕೆ ಕೊನೆಗೆ ಪರೀಕ್ಷೆ ಮಾಡಿಸಿದಳು. ದುಡ್ಡು ತಾನೇ ಕೊಟ್ಟಳು. ತಮ್ಮ ಕೊಡಲು ಬಂದಾಗ ಬೇಡವೆಂದಳು. ಈ ಸಲ ವೈದ್ಯರ ಮುಂದೆ ಕುರ್ಚಿಯಲ್ಲಿ ಕುಳಿತವಳು ಆಕೆ, ಪಕ್ಕದಲ್ಲಿ ಮಗಳು. ತಮ್ಮನೂ ನಾವೂ ಹೊರಗೆ ಬೆಂಚಿನ ಮೇಲೆ. ಅರ್ಧ ಗಂಟೆಯ ಮೇಲೆ ಇಬ್ಬರೂ ಹೊರಬಂದರು. ಮಗಳ ಕಣ್ಣು ಕೆಂಪಾಗಿತ್ತು. ಆಕೆ ವರದಿಯನ್ನು ನಾಲ್ಕಾಗಿ ಮಡಚಿ ರೇಷನ್ ಕಾರ್ಡು, ಆಧಾರ್ ಕಾರ್ಡು ಇಡುವ ಪ್ಲಾಸ್ಟಿಕ್ ಚೀಲದಲ್ಲಿಟ್ಟಳು. ಅಂಕೆ ಎಷ್ಟು ಬಂತೆಂದು ನಮಗೆ ಆಮೇಲೆ ಹೇಳಿದಳು. ಅದನ್ನು ಇಲ್ಲಿ ಬರೆಯುವುದಿಲ್ಲ. ಸೈಟಿನ ಬಗ್ಗೆ ಏನು ತೀರ್ಮಾನಿಸಿದಳೆಂಬುದನ್ನೂ ಬರೆಯುವುದಿಲ್ಲ.

ಅತ್ತಿಬೆಲೆಗೆ ಬಸ್ಸು ಹತ್ತುವಾಗ ಸೀಟಿರಲಿಲ್ಲ. ಬೊಮ್ಮಸಂದ್ರದ ತನಕ ನಿಂತೇ ಬಂದಳು. ಅಲ್ಲಿ ಶಿಫ್ಟು ಮುಗಿಸಿದ ಹುಡುಗಿಯರ ಗುಂಪು ಹತ್ತಿತು. ಒಬ್ಬಳು ಅವಳ ತಲೆಯ ಮೇಲಿನ ಸೆರಗನ್ನೂ ಕೈಯ ಫೈಲನ್ನೂ ನೋಡಿ, ಹಿಂದಿನ ಸಾಲಿನಲ್ಲಿ ಕುಳಿತಿದ್ದ ಗೆಳತಿಯನ್ನು ಎಬ್ಬಿಸಿ, "ಕೂತ್ಕೊಳ್ಳಿ ಅಕ್ಕಾ" ಎಂದಳು. ಆಕೆ ಕುಳಿತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, "ನಿಮ್ಮಲ್ಲಿ ಈಗ ಪೀಸಿಗೆ ಟಾರ್ಗೆಟ್ ಎಷ್ಟು ಕೊಡ್ತಾರೆ?" ಎಂದು ಆ ಹುಡುಗಿಯನ್ನು ವಿಚಾರಿಸತೊಡಗಿದಳು.